ಮೂವತ್ತೈದು ಅಂಕದ ಗಣಿತ

ಪುಸ್ತಕ ವಿಮರ್ಶೆಗೆ ಮೀಸಲಾದ ಈ ಪುಟಗಳಲ್ಲಿ ಕಾದಂಬರಿ, ಕವನ ಸಂಕಲನ, ನಾಟಕಗಳ ಮಾತು ಬರುವುದು ವಾಡಿಕೆ. ಈ ಸಲ ನಾವು ಕೈಗೆತ್ತಿಕೊಂಡಿರುವ ಎರಡು ಪುಸ್ತಕಗಳಲ್ಲಿ ಕಥೆಯೂ ಇಲ್ಲ, ಕವಿತೆಯೂ ಇಲ್ಲ. ಆದರೂ ಪುಣೆಯ ಕನ್ನಡ ಮನೆಗಳಲ್ಲಿ ದೀಪಾವಳಿಯಿಂದ ಹೋಳಿಯವರೆಗೆ ಇವುಗಳಷ್ಟು ಸಲ ತೆರೆಯಲ್ಪಡುವ, ಇವುಗಳಷ್ಟು ನಿದ್ದೆಗೆಡಿಸುವ ಪುಸ್ತಕ ಬೇರೊಂದಿರಲಾರದು. ಅವೇ ಎಸ್.ಎಸ್.ಸಿ. ಪರೀಕ್ಷೆಗೆಂದು ಬಾಲಭಾರತಿ ಪ್ರಕಟಿಸಿದ ಹತ್ತನೆಯ ಇಯತ್ತೆಯ ‘ಗಣಿತ ಭಾಗ 1’ ಮತ್ತು ‘ಗಣಿತ ಭಾಗ 2’.

ಸಂಘದ ಪತ್ರಿಕೆಗೆ ಇದೇಕೆ ಎಂದು ಕೆಲವರು ಕೇಳಬಹುದು. ಊರು ಬಿಟ್ಟು ಬಂದ ನಮ್ಮವರಲ್ಲಿ ಬ್ಯಾಂಕಿನವರು, ಕಾರ್ಖಾನೆಯವರು, ಕಂಪ್ಯೂಟರ್ ಕಂಪನಿಯವರು ಇರುವಂತೆಯೇ ಹೋಟೆಲಿನ ಮಾಣಿಗಳೂ ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಕಟ್ಟಡದ ಕೆಲಸಕ್ಕೆ ಬಂದವರೂ ಇದ್ದಾರೆ. ಮೊದಲನೆಯವರ ಮಕ್ಕಳಿಗೆ ಗಣಿತವೆಂದರೆ ಎಷ್ಟು ಅಂಕ ಬಂದೀತೆಂಬ ಪ್ರಶ್ನೆ. ಎರಡನೆಯವರ ಮಕ್ಕಳಿಗೆ ಅದು ಬಾಗಿಲು ತೆರೆಯುವುದೋ ಮುಚ್ಚುವುದೋ ಎಂಬ ಪ್ರಶ್ನೆ. ಕೆಲವು ವರ್ಷಗಳಿಂದ ನಾವು ನಾಲ್ಕಾರು ಮಂದಿ ಸಂಜೆ ಹೊತ್ತು ಇಂಥ ಮಕ್ಕಳೊಡನೆ ಈ ಎರಡು ಪುಸ್ತಕಗಳನ್ನು ಓದುತ್ತ ಬಂದಿದ್ದೇವೆ. ಆ ಓದಿನಿಂದ ಹುಟ್ಟಿದ ಮಾತುಗಳು ಇವು.

ಮೊದಲು ಪುಸ್ತಕಗಳ ಪರಿಚಯ. ಎಸ್.ಎಸ್.ಸಿ. ಪರೀಕ್ಷೆ ನಡೆಸುವ ರಾಜ್ಯ ಮಂಡಳಿ 1966ರ ಜನವರಿ 1ರಂದು ಅಸ್ತಿತ್ವಕ್ಕೆ ಬಂತು. ಪುಸ್ತಕ ಅಚ್ಚು ಹಾಕಿಸುವ ಬಾಲಭಾರತಿ 1967ರ ಜನವರಿ 27ರಂದು ಆರಂಭವಾಯಿತು. ಎರಡರ ಮುಖ್ಯ ಕಚೇರಿಗಳೂ ನಮ್ಮ ಪುಣೆಯಲ್ಲೇ ಇವೆ. ಬಾಲಭಾರತಿ ಪುಸ್ತಕ ಹೊರತರುವ ಎಂಟು ಭಾಷೆಗಳಲ್ಲಿ ಕನ್ನಡವೂ ಒಂದೆಂಬುದು ನಮ್ಮಲ್ಲಿ ಎಷ್ಟೋ ಮಂದಿಗೆ ತಿಳಿಯದು. ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಕಡೆಯ ಕನ್ನಡ ಶಾಲೆಗಳ ಮಕ್ಕಳು ಇದೇ ಪಠ್ಯಕ್ರಮವನ್ನು ಕನ್ನಡದಲ್ಲಿ ಓದುತ್ತಾರೆ. ಪುಣೆಯ ನಮ್ಮ ಮಕ್ಕಳ ಕೈಗೆ ಹೆಚ್ಚಾಗಿ ಬರುವುದು ಮರಾಠಿ ಇಲ್ಲವೆ ಇಂಗ್ಲಿಷ್ ಪ್ರತಿ.

ಈಗಿನ ಪುಸ್ತಕಗಳು 2018ರಲ್ಲಿ ಬಂದವು. ಮೊದಲ ಭಾಗದಲ್ಲಿ ಎರಡು ಅವ್ಯಕ್ತಗಳ ಸಮೀಕರಣ, ವರ್ಗಸಮೀಕರಣ, ಸಮಾಂತರ ಶ್ರೇಢಿ, ಅರ್ಥನಿಯೋಜನೆ, ಸಂಭವನೀಯತೆ, ಸಂಖ್ಯಾಶಾಸ್ತ್ರ ಎಂದು ಆರು ಪ್ರಕರಣಗಳಿವೆ. ಎರಡನೆಯದರಲ್ಲಿ ಸಮರೂಪತೆ, ಪೈಥಾಗೊರಸನ ಪ್ರಮೇಯ, ವೃತ್ತ, ರಚನೆಗಳು, ನಿರ್ದೇಶಾಂಕ ರೇಖಾಗಣಿತ, ತ್ರಿಕೋನಮಿತಿ, ಕ್ಷೇತ್ರಗಣಿತ ಎಂದು ಏಳು. ಒಂದೊಂದು ಭಾಗಕ್ಕೂ ಎರಡು ತಾಸಿನ, 40 ಅಂಕಗಳ ಒಂದೊಂದು ಪ್ರಶ್ನಪತ್ರಿಕೆ. ಶಾಲೆಯೊಳಗಿನ ಮೌಲ್ಯಮಾಪನಕ್ಕೆ 20. ಒಟ್ಟು ನೂರು.

ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಈ ಪುಸ್ತಕಗಳಲ್ಲಿ ನಮಗೆ ಅತ್ಯಂತ ಮೆಚ್ಚಿಗೆಯಾದದ್ದು ಅರ್ಥನಿಯೋಜನೆಯ ಪ್ರಕರಣ. ಜಿ.ಎಸ್.ಟಿ. ಎಂದರೇನು, ಅಂಗಡಿಯವನು ಕೊಟ್ಟ ರಸೀದಿಯಲ್ಲಿ ಕೇಂದ್ರದ ಪಾಲೆಷ್ಟು, ರಾಜ್ಯದ ಪಾಲೆಷ್ಟು, ಕೊಂಡಾಗ ಕೊಟ್ಟ ತೆರಿಗೆಯನ್ನು ವ್ಯಾಪಾರಿ ಮಾರಿದಾಗ ಹೇಗೆ ವಜಾ ಮಾಡಿಕೊಳ್ಳುತ್ತಾನೆ, ಶೇರಿನ ಮುಖಬೆಲೆಗೂ ಪೇಟೆಯ ಬೆಲೆಗೂ ಏನು ವ್ಯತ್ಯಾಸ, ಇವನ್ನೆಲ್ಲ ಹದಿನೈದರ ಮಕ್ಕಳಿಗೆ ಲೆಕ್ಕಗಳಾಗಿ ಕೊಟ್ಟಿರುವುದು ಸ್ತುತ್ಯವಾದ ಕೆಲಸ. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯ ತನ್ನ ಗ್ರಂಥಕ್ಕೆ ‘ವ್ಯವಹಾರಗಣಿತ’ ಎಂದು ಹೆಸರಿಟ್ಟ. ಲೆಕ್ಕವೆಂಬುದು ಪೇಟೆಬೀದಿಯಲ್ಲಿ ನಡೆಯುವ ವಸ್ತುವೆಂಬ ಆ ತಿಳಿವಳಿಕೆ ಇಲ್ಲಿ ಮತ್ತೆ ಕಾಣಿಸಿಕೊಂಡಿದೆ. ನಮ್ಮ ಸಂಜೆಯ ಪಾಠಕ್ಕೆ ಬರುವ ಒಬ್ಬ ಹುಡುಗನ ತಂದೆ ಹೋಟೆಲಿನ ಗಲ್ಲೆಯಲ್ಲಿ ಕೂರುವವರು. 400 ರೂಪಾಯಿಯ ಬಿಲ್ಲಿಗೆ ಶೇಕಡಾ 5ರಂತೆ 20 ರೂಪಾಯಿ ತೆರಿಗೆ, ಅದರಲ್ಲಿ ಹತ್ತು ಕೇಂದ್ರಕ್ಕೆ, ಹತ್ತು ರಾಜ್ಯಕ್ಕೆ ಎಂದು ಹುಡುಗ ಪುಸ್ತಕ ನೋಡದೆಯೇ ಹೇಳಿದ. ವರ್ಷವಿಡೀ ತಲೆ ತಗ್ಗಿಸಿಕೊಂಡೇ ಕೂತಿದ್ದವನು ಅಂದು ತಲೆ ಎತ್ತಿದ.

ಆದರೆ ಇದೇ ಪ್ರಕರಣ ಪುಸ್ತಕದ ಒಂದು ದೋಷವನ್ನೂ ತೋರಿಸಿಕೊಡುತ್ತದೆ. ಅದರಲ್ಲಿ ಅಚ್ಚಾದ 5, 12, 18, 28 ಎಂಬ ತೆರಿಗೆಯ ಮೆಟ್ಟಿಲುಗಳು 2025ರ ಸೆಪ್ಟೆಂಬರ್ 22ರಿಂದ ಬದಲಾದವು. 12 ಮತ್ತು 28ರ ಮೆಟ್ಟಿಲುಗಳನ್ನು ತೆಗೆದು ಹೆಚ್ಚಿನ ವಸ್ತುಗಳನ್ನು 5 ಮತ್ತು 18ಕ್ಕೆ ತಂದರು. ದರ ಬದಲಾಗುವುದು ಪುಸ್ತಕದವರ ತಪ್ಪಲ್ಲ. ಆದರೆ ದರಗಳು ಬದಲಾಗುವಂಥವು, ಬದಲಾಗದೆ ನಿಲ್ಲುವುದು ಶೇಕಡಾವಾರಿನ ಲೆಕ್ಕದ ರೀತಿ ಮಾತ್ರ ಎಂಬುದನ್ನು ಮಗುವಿಗೆ ಮನವರಿಕೆ ಮಾಡಿಕೊಡುವ ಹೊಣೆ ಪುಸ್ತಕದ್ದು. ಪಟ್ಟಿಯನ್ನೇ ಬಾಯಿಪಾಠ ಮಾಡಿದ ಮಗು ‘ಪುಸ್ತಕದಾಗ ಹನ್ನೆರಡು ಅದ, ಅಂಗಡ್ಯಾಗ ಐದು ಹಾಕ್ಯಾರ, ಯಾವುದು ಖರೆ?’ ಎಂದು ಕೇಳಿದರೆ ಅದರಲ್ಲಿ ಮಗುವಿನ ತಪ್ಪೇನಿಲ್ಲ.

ಎರಡನೆಯ ಮಾತು, ಸಮೀಕರಣಗಳ ಮೊದಲ ಪ್ರಕರಣದ್ದು. ಅಲ್ಲಿ ಕ್ರೇಮರನ ನಿಯಮವೆಂಬುದೊಂದಿದೆ. ಗೇಬ್ರಿಯಲ್ ಕ್ರೇಮರ್ (1704–1752) ಸ್ವಿಸ್ ಗಣಿತಜ್ಞ. ಅವನ ನಿಯಮ ಅಂದವಾದದ್ದೇ. ನಮ್ಮ ತಕರಾರು ನಿಯಮದ ಮೇಲಲ್ಲ, ಮಕ್ಕಳು ಅದನ್ನು ತಲುಪುವ ದಾರಿಯ ಮೇಲೆ. ಉದಾಹರಣೆಗೆ ಎರಡು ದೋಸೆ, ಮೂರು ಕಾಫಿಗೆ 260 ರೂಪಾಯಿ. ಒಂದು ದೋಸೆ, ಎರಡು ಕಾಫಿಗೆ 150 ರೂಪಾಯಿ. ಒಂದೊಂದರ ಬೆಲೆ ಎಷ್ಟು? ಲೆಕ್ಕ ಬಾರದ ತಾಯಿಯೂ ಇದನ್ನು ಹೀಗೆ ಬಿಡಿಸಿಯಾಳು: ಎರಡನೆಯ ಬಿಲ್ಲನ್ನು ಇಮ್ಮಡಿ ಮಾಡಿದರೆ ಎರಡು ದೋಸೆ, ನಾಲ್ಕು ಕಾಫಿಗೆ 300, ಮೊದಲಿನದಕ್ಕಿಂತ ಹೆಚ್ಚಾದದ್ದು ಒಂದು ಕಾಫಿ, ಹೆಚ್ಚಾದ ಹಣ 40, ಆದ್ದರಿಂದ ಕಾಫಿಗೆ 40, ದೋಸೆಗೆ 70. ಕ್ರೇಮರನ ದಾರಿಯಲ್ಲಿ ಹೋದರೆ ಅಂಕಿಗಳನ್ನು ಎರಡೆರಡು ಸಾಲಿನ ಚೌಕಗಳಲ್ಲಿ ಕೂರಿಸಿ, ಓರೆಯಾಗಿ ಗುಣಿಸಿ, ಕಳೆದು, 1, 70, 40 ಎಂಬ ಮೂರು ಬೆಲೆ ತೆಗೆದು, ಭಾಗಿಸಬೇಕು. ಉತ್ತರ ಅದೇ. ಆದರೆ ಮೊದಲ ರೀತಿಯಲ್ಲಿ ದೋಸೆ ಕಾಫಿಗಳು ಕಡೆಯವರೆಗೂ ಕಣ್ಣಮುಂದಿವೆ. ಎರಡನೆಯದರಲ್ಲಿ ಅವು ಮೊದಲ ಸಾಲಿನಲ್ಲೇ ಮಾಯವಾಗುತ್ತವೆ. ನಿಯಮದ ಹಿಂದಿನ ಕಾರಣ ಅಕ್ಷರಗಳ ಗುಣಾಕಾರದಲ್ಲಿ ಅಡಗಿರುವುದರಿಂದ ಮಕ್ಕಳು ಅದನ್ನು ಹಾರಿಸಿ ಸೂತ್ರಕ್ಕೆ ಬಂದುಬಿಡುತ್ತಾರೆ. ಓರೆ ಗುಣಾಕಾರದಲ್ಲಿ ಒಂದು ಚಿಹ್ನೆ ತಪ್ಪಿದರೆ ಕಾಫಿಯ ಬೆಲೆ ಋಣವಾಗಿ ಬರುತ್ತದೆ. ಮಗು ಅದನ್ನೂ ನಿರ್ವಿಕಾರವಾಗಿ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತದೆ. ಕಾಫಿಗೆ ಋಣ ಬೆಲೆ ಇರುವುದು ಸಾಧ್ಯವೇ ಎಂದು ಒಂದು ಕ್ಷಣ ನಿಂತು ಕೇಳುವುದನ್ನು ಕಲಿಸದ ಬೀಜಗಣಿತ ಕೈಕಸರತ್ತು ಮಾತ್ರ.

ಮೂರನೆಯದು ‘ಕೃತಿ’ ಎಂದು ಕರೆಯಲಾಗುವ ಖಾಲಿ ಚೌಕಗಳ ಪ್ರಶ್ನೆಗಳು. ಲೆಕ್ಕದ ಹೆಜ್ಜೆಗಳನ್ನು ಅಚ್ಚು ಹಾಕಿ, ನಡುನಡುವೆ ಚೌಕ ಬಿಟ್ಟು, ತುಂಬು ಎನ್ನುತ್ತಾರೆ. ಹೆದರುವ ಮಗುವಿಗೆ ಇದು ಊರುಗೋಲೆಂಬುದು ನಿಜ. ಆದರೆ ಊರುಗೋಲು ಕೊಟ್ಟವರು ಅದನ್ನು ಯಾವಾಗ ಬಿಡಬೇಕೆಂಬುದನ್ನೂ ಹೇಳಬೇಕು. ಚೌಕ ತುಂಬುವುದರಲ್ಲಿ ಜಾಣರಾದ ಮಕ್ಕಳು ಖಾಲಿ ಹಾಳೆ ಕೊಟ್ಟೊಡನೆ ಮೊದಲ ಹೆಜ್ಜೆ ಇಡಲಾರದೆ ಕೂತದ್ದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ.

ಇವೆಲ್ಲಕ್ಕಿಂತ ದೊಡ್ಡ ಕೊರತೆ ಪುಸ್ತಕದಲ್ಲಿ ಇರುವುದರಲ್ಲಿ ಅಲ್ಲ, ಇಲ್ಲದ್ದರಲ್ಲಿದೆ. ಹತ್ತನೆಯ ಪುಸ್ತಕ ಐದನೆಯದರ ಲೆಕ್ಕ ಬರುತ್ತದೆಂದು ನಂಬಿಕೊಂಡು ಹೊರಡುತ್ತದೆ. ಎಂಟನೆಯವರೆಗೆ ಯಾರನ್ನೂ ಹಿಂದುಳಿಸದ ನಿಯಮ ಬಹುಕಾಲ ನಡೆದು ಬಂದದ್ದರಿಂದ ಭಿನ್ನರಾಶಿ ಬಾರದ ಮಗುವೂ ಹತ್ತನೆಯದಕ್ಕೆ ಬಂದು ಕೂರುತ್ತದೆ. ಅರ್ಧಕ್ಕೆ ಮೂರರಲ್ಲೊಂದು ಸೇರಿಸು ಎಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಐದರಲ್ಲೆರಡು ಎಂದು ಬರೆಯುತ್ತದೆ. ಅರ್ಧ ರೊಟ್ಟಿಗೆ ಇನ್ನೊಂದು ತುಂಡು ಸೇರಿಸಿದ ಮೇಲೆ ಅರ್ಧ ರೊಟ್ಟಿಗಿಂತ ಕಡಿಮೆ ಆಯಿತೇ ಎಂದು ಕೇಳಿದಾಗ ನಗುತ್ತದೆ, ತಿದ್ದಿಕೊಳ್ಳುತ್ತದೆ. ಹಾಗೆ ಕೇಳುವವರು ಯಾರೂ ಇಲ್ಲದೆ ಐದು ವರ್ಷ ಕಳೆದವಲ್ಲ ಎಂಬುದೇ ಖೇದದ ಸಂಗತಿ. ಪ್ರತಿಯೊಂದು ಪ್ರಕರಣದ ಹಿಂದೆ ‘ಇಷ್ಟು ಬರುತ್ತದೆಯೇ, ನೋಡಿಕೋ, ಬಾರದಿದ್ದರೆ ಇಲ್ಲಿಂದ ಹಿಡಿ’ ಎಂಬ ಎರಡು ಪುಟಗಳಿದ್ದಿದ್ದರೆ ಈ ಪುಸ್ತಕಗಳ ಉಪಯೋಗ ಇಮ್ಮಡಿಯಾಗುತ್ತಿತ್ತು. ಆ ತೆರಪನ್ನು ಈಗ ತುಂಬುತ್ತಿರುವುವು ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಿ ರಾಶಿ ಬಿದ್ದಿರುವ ಗೈಡುಗಳು. ಅವುಗಳ ಬಗೆಗೆ ಹೆಚ್ಚು ಬರೆಯಲಾರೆವು. ಉತ್ತರ ಕೊಡುವುದು ಅವುಗಳ ವ್ಯಾಪಾರ. ಪ್ರಶ್ನೆ ಕೇಳಲು ಕಲಿಸುವುದು ಅವುಗಳ ಕೆಲಸವಲ್ಲ.

ಇನ್ನು ಭಾಷೆಯ ವಿಚಾರ. ಇದು ನಮ್ಮ ಮನೆಗಳಿಗೇ ಸಂಬಂಧಿಸಿದ್ದು. ಕನ್ನಡದಲ್ಲಿ ನಾವು ನಲವತ್ತೇಳು ಎನ್ನುತ್ತೇವೆ: ಮೊದಲು ನಲವತ್ತು, ಆಮೇಲೆ ಏಳು, ಬರೆಯುವ ಕ್ರಮವೂ ಅದೇ. ಮರಾಠಿಯಲ್ಲಿ ಸತ್ತೇಚಾಳೀಸ್: ಮೊದಲು ಏಳು, ಆಮೇಲೆ ನಲವತ್ತು. ನಲವತ್ತೊಂಬತ್ತಕ್ಕೆ ಏಕೋಣಪನ್ನಾಸ್, ಅಂದರೆ ಐವತ್ತಕ್ಕೆ ಒಂದು ಕಡಿಮೆ. 2019ರಲ್ಲಿ ಬಾಲಭಾರತಿ ಎರಡನೆಯ ಇಯತ್ತೆಯ ಮರಾಠಿ ಗಣಿತ ಪುಸ್ತಕದಲ್ಲಿ ಹಳೆಯ ರೂಪಗಳ ಜೊತೆಗೆ ‘ವೀಸ್ ಏಕ್’, ‘ವೀಸ್ ದೋನ್’ ಎಂಬ ಹೊಸ ರೀತಿಯನ್ನು ತಂದಾಗ ರಾಜ್ಯದಲ್ಲೆಲ್ಲ ದೊಡ್ಡ ಗದ್ದಲವಾಯಿತು. ಗಣಿತ ಸಮಿತಿಯ ಮುಂದಾಳಾಗಿದ್ದ ಮಂಗಲಾ ನಾರಳೀಕರರು, ಪುಣೆಯವರೇ, ಜೋಡಕ್ಷರಗಳಿಂದಲೂ ತಿರುಗುಮುರುಗಿನಿಂದಲೂ ಚಿಕ್ಕ ಮಕ್ಕಳಿಗೆ ಆಗುವ ತೊಡಕು ತಪ್ಪಲೆಂದು ಹೀಗೆ ಮಾಡಿದ್ದಾಗಿ ಶಾಂತವಾಗಿ ಉತ್ತರಿಸಿದರು. ಅವರು 2023ರಲ್ಲಿ ತೀರಿಕೊಂಡರು. ಮರಾಠಿಗರು ತಮ್ಮ ಸಂಖ್ಯೆಗಳನ್ನು ಹೇಗೆ ಎಣಿಸಬೇಕೆಂಬುದನ್ನು ಹೇಳಲು ನಾವು ಯಾರೂ ಅಲ್ಲ. ಆದರೆ ಆ ಚರ್ಚೆಯಿಂದ ನಮಗೊಂದು ತಿಳಿವಳಿಕೆ ಬರಬೇಕಿತ್ತು: ಅಲ್ಲಿ ಹೊಸದಾಗಿ ತರಲು ಹೊರಟ ಅನುಕೂಲ ನಮ್ಮ ಮಕ್ಕಳಿಗೆ ಮನೆಮಾತಿನಲ್ಲೇ ಇದೆ. ನಾವಾದರೋ ಶಾಲೆಯಲ್ಲಿ ಗೊಂದಲವಾದೀತೆಂದು ಹೆದರಿ ಮನೆಯಲ್ಲಿ ಕನ್ನಡದ ಮಗ್ಗಿಯನ್ನೇ ನಿಲ್ಲಿಸಿದ್ದೇವೆ.

ಗೊಂದಲವಾಗುವುದೇ ಇಲ್ಲವೆಂದು ಹೇಳುವುದಿಲ್ಲ. ಧಾರವಾಡದಲ್ಲಿ ಓದಿ ಬಂದ ತಂದೆ ಲಂಬಕೋನ ತ್ರಿಭುಜದ ದೊಡ್ಡ ಬಾಹುವಿಗೆ ವಿಕರ್ಣ ಎನ್ನುತ್ತಾರೆ. ಚತುರ್ಭುಜದ ಮೂಲೆಯಿಂದ ಮೂಲೆಗೆ ಎಳೆದ ಗೆರೆಗೆ ಕರ್ಣ. ಮರಾಠಿ ಪುಸ್ತಕದಲ್ಲಿ ಎರಡಕ್ಕೂ ಕರ್ಣವೇ. ನಮ್ಮ ಲ.ಸಾ.ಅ. ಅವರ ಲಸಾವಿ, ನಮ್ಮ ಲಂಬಕೋನ ಅವರ ಕಾಟಕೋನ. ತಂದೆ ಮಗಳು ಇದರ ಮೇಲೆ ಅರ್ಧ ತಾಸು ಜಗಳವಾಡಿ, ಕಡೆಗೆ ತಂದೆ ‘ನಿನ್ನ ಪುಸ್ತಕ ನಿನಗ, ನನಗ ಬ್ಯಾಡ’ ಎಂದು ಎದ್ದುಹೋದ ಒಂದು ಮನೆಯನ್ನು ನಾವು ಬಲ್ಲೆವು. ಎದ್ದುಹೋಗಬಾರದಿತ್ತು. ಒಂದೇ ಗೆರೆಗೆ ಎರಡು ಹೆಸರಿದ್ದರೂ ಅದರ ಮೇಲಿನ ವರ್ಗ ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮನೆಂಬುದನ್ನು ಕಂಡ ಮಗುವಿಗೆ ಪ್ರಮೇಯವಿರುವುದು ಹೆಸರಿನಲ್ಲಲ್ಲ ಎಂಬುದೂ ತಿಳಿಯುತ್ತದೆ. ಎರಡು ಭಾಷೆಯ ಮನೆಯ ಮಕ್ಕಳಿಗೆ ಇದು ಸುಲಭವಾಗಿ ಸಿಗಬೇಕಾದ ತಿಳಿವು.

ಈಗ ಎಲ್ಲಕ್ಕಿಂತ ಬಿಸಿಯಾದ ಪ್ರಶ್ನೆಗೆ ಬರೋಣ. ಪಾಸಾಗಲು ಬೇಕಾದದ್ದು 35. ಗಣಿತದ ಭಯದಿಂದ ಮಕ್ಕಳು ಶಾಲೆಯನ್ನೇ ಬಿಡುತ್ತಾರೆಂಬ ವಾದ ಬಂದಾಗ, ಕಲಾ ವಿಭಾಗಕ್ಕೆ ಹೋಗುವವರಿಗೆ ಗಣಿತವಿಲ್ಲದೆ ಎಸ್.ಎಸ್.ಸಿ. ಮುಗಿಸುವ ಅವಕಾಶ ಕೊಡಬಹುದೇ ಎಂದು ಮುಂಬಯಿ ಉಚ್ಚ ನ್ಯಾಯಾಲಯವೇ 2017ರಲ್ಲಿ ಕೇಳಿತ್ತು. ಆಗ ‘ಸಾಮಾನ್ಯ ಗಣಿತ’ವೆಂಬ ಹಗುರವಾದ ಪರ್ಯಾಯ ವಿಷಯವೊಂದಿತ್ತು, 2018ರ ಹೊಸ ಪಠ್ಯಕ್ರಮದೊಡನೆ ಅದು ನಿಂತಿತು. ಕೇಂದ್ರದ ಸಿ.ಬಿ.ಎಸ್.ಇ.ಯವರು ತಿರುಗಿ ಅತ್ತ ನಡೆದರು: 2020ರ ಪರೀಕ್ಷೆಯಿಂದ ಬೇಸಿಕ್, ಸ್ಟ್ಯಾಂಡರ್ಡ್ ಎಂದು ಗಣಿತಕ್ಕೆ ಎರಡು ಬಗೆಯ ಪ್ರಶ್ನಪತ್ರಿಕೆ ತಂದರು, ಪಾಠ ಒಂದೇ, ಪತ್ರಿಕೆ ಎರಡು. 2024ರಲ್ಲಿ ಮಹಾರಾಷ್ಟ್ರದ ಹೊಸ ಪಠ್ಯಕ್ರಮ ಚೌಕಟ್ಟಿನಲ್ಲಿ ಮೂರನೆಯದೊಂದು ದಾರಿ ಕಾಣಿಸಿತು: ಗಣಿತ, ವಿಜ್ಞಾನಗಳಲ್ಲಿ 35ರ ಬದಲು 20 ಬಂದರೂ ಮುಂದಕ್ಕೆ ಹೋಗಬಹುದು, ಆದರೆ ಮುಂದೆ ಆ ವಿಷಯಗಳನ್ನು ಆರಿಸಿಕೊಳ್ಳುವಂತಿಲ್ಲವೆಂಬ ಷರಾ ಗುಣಪತ್ರಿಕೆಯ ಮೇಲೆ ಬೀಳುತ್ತದೆ.

ನಮ್ಮ ಸಂಜೆಯ ಗುಂಪಿನಲ್ಲೇ ಇದರ ಬಗೆಗೆ ಒಮ್ಮತವಿಲ್ಲ. ಷರಾ ಸಹಿತವಾದರೂ ಸರಿ, ಮಗು ‘ನಾಪಾಸು’ ಎಂಬ ಮಾತಿನಿಂದ ಉಳಿಯಲಿ ಎನ್ನುವವರಿದ್ದಾರೆ. ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಒಂದು ವಿಷಯದಲ್ಲಿ ಬಿದ್ದ ಹುಡುಗಿಯನ್ನು ಆ ಬೇಸಗೆಯಲ್ಲೇ ಊರಿಗೆ ಕರೆದೊಯ್ದು ಮದುವೆ ಮಾಡಿದ್ದನ್ನು ನಾವು ನೋಡಿದ್ದೇವೆ. ಆದರೂ ನಮ್ಮ ಅಭಿಪ್ರಾಯ ಬೇರೆ. ಕಷ್ಟದ ಅದೇ ಪತ್ರಿಕೆಯನ್ನು ಕೊಟ್ಟು 20 ಸಾಕೆನ್ನುವುದು ಹೊಳೆಯ ಆಳ ತಗ್ಗಿಸದೆ ಅಳತೆಗೋಲನ್ನು ಕತ್ತರಿಸಿದ ಹಾಗೆ. ಆ 20 ಅಂಕ ಪಡೆದ ಮಗುವಿಗೆ ಏನು ಬರುತ್ತದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಅದಕ್ಕಿಂತ, ಶೇಕಡಾವಾರು, ಬಡ್ಡಿ, ಅಳತೆ, ರಸೀದಿ, ನಕ್ಷೆ ಓದುವುದು ಇಷ್ಟನ್ನೇ ಗಟ್ಟಿಯಾಗಿ ಕಲಿಸಿ, ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಕೇಳುವ ಪ್ರಾಮಾಣಿಕವಾದ ಎರಡನೆಯ ಪತ್ರಿಕೆ ಮೇಲು. ಮುಂದೆ ಮನಸ್ಸು ಬದಲಾದರೆ ದೊಡ್ಡ ಪತ್ರಿಕೆಗೆ ಕೂರುವ ದಾರಿಯೂ ತೆರೆದಿರಬೇಕು. ಹದಿನೈದನೆಯ ವಯಸ್ಸಿನಲ್ಲಿ ಬಿದ್ದ ಷರಾ ಯಾರ ಮಕ್ಕಳ ಗುಣಪತ್ರಿಕೆಯ ಮೇಲೆ ಹೆಚ್ಚು ಬಿದ್ದೀತು ಎಂಬುದನ್ನು ಊಹಿಸಲು ಗಣಿತ ಬೇಕಾಗಿಲ್ಲ. ಕೋಚಿಂಗಿಗೆ ಹಣ ಕಟ್ಟಲಾರದವರ, ಮನೆಯಲ್ಲಿ ಹೇಳಿಕೊಡುವವರಿಲ್ಲದವರ ಮಕ್ಕಳು ಅವರು. ಅವರಲ್ಲಿ ನಮ್ಮವರು ಬಹಳ ಮಂದಿ.

ವಿಮರ್ಶೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಪರೀಕ್ಷೆ ನಮ್ಮ ಅಭಿಪ್ರಾಯಕ್ಕೆ ಕಾಯುವುದಿಲ್ಲವಾದ್ದರಿಂದ, ಇದೇ ಪುಸ್ತಕಗಳಿಂದ ಕಷ್ಟದ ಮಗುವನ್ನು ದಡ ಸೇರಿಸುವ ಬಗೆ ನಮಗೆ ತಿಳಿದಷ್ಟನ್ನು ಹೇಳಿಬಿಡುತ್ತೇವೆ. ಒಂದೊಂದು ಪತ್ರಿಕೆಯ 40 ಅಂಕಗಳಲ್ಲಿ ಅರ್ಧದಷ್ಟು ಒಂದು, ಎರಡು ಅಂಕಗಳ ಚಿಕ್ಕ ಪ್ರಶ್ನೆಗಳಿಗೇ ಸೇರಿವೆ. ಆದ್ದರಿಂದ ದೊಡ್ಡ ಪ್ರಮೇಯಗಳ ಬೆನ್ನುಹತ್ತುವ ಮೊದಲು ಇವನ್ನು ಗಟ್ಟಿ ಮಾಡಿಸಬೇಕು. ಮೊದಲ ಒಂದು ತಿಂಗಳು ಹತ್ತನೆಯ ಪುಸ್ತಕವನ್ನು ಮುಚ್ಚಿಟ್ಟು ಭಿನ್ನರಾಶಿ, ಋಣಸಂಖ್ಯೆ, ಶೇಕಡಾವಾರು ಇವುಗಳನ್ನೇ ಹಿಡಿಯಬೇಕು. ತಡವಾಯಿತೆಂಬ ಹೆದರಿಕೆ ಬೇಡ, ಕಳೆದ ತಿಂಗಳು ಮುಂದೆ ಬಡ್ಡಿಸಮೇತ ಬರುತ್ತದೆ. ಆಮೇಲೆ ಮೊದಲ ಭಾಗದಲ್ಲಿ ಸಂಭವನೀಯತೆ, ಸಮಾಂತರ ಶ್ರೇಢಿ, ಅರ್ಥನಿಯೋಜನೆ. ಎರಡನೆಯದರಲ್ಲಿ ಪೈಥಾಗೊರಸ್, ರಚನೆ, ನಿರ್ದೇಶಾಂಕ. ಇವು ನಿಯಮ ಕಡಿಮೆ, ಅಭ್ಯಾಸಕ್ಕೆ ಬೇಗ ಒಲಿಯುವ ಪ್ರಕರಣಗಳು. ರಚನೆಗೆ ಕೈವಾರ, ಅಳತೆಪಟ್ಟಿ ಹಿಡಿದು ದಿನಕ್ಕೊಂದು ಚಿತ್ರ ಬರೆಸಿದರೆ ಸಾಕು. ಹಳೆಯ ಪ್ರಶ್ನಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸಬೇಕು, ಗೈಡು ಮುಂದಿಟ್ಟುಕೊಂಡು ಅಲ್ಲ. ಉತ್ತರ ಬಂದ ಮೇಲೆ ‘ಇದು ಆಗಬಹುದಾದ ಮಾತೇ?’ ಎಂದು ಒಮ್ಮೆ ಕೇಳಿಕೊಳ್ಳುವ ರೂಢಿ ಆಗಬೇಕು. ಬಿದ್ದವರಿಗೂ ಮರುಪರೀಕ್ಷೆಯಿದೆ, ಶಾಲೆ ಬಿಟ್ಟವರಿಗೂ 17ನೆಯ ನಮೂನೆಯ ಅರ್ಜಿ ತುಂಬಿ ಖಾಸಗಿಯಾಗಿ ಕೂರುವ ಅವಕಾಶವಿದೆ. ಇದನ್ನು ಕಟ್ಟಡದ ಕೆಲಸದ ನಮ್ಮ ಬಂಧುಗಳಿಗೆ ತಿಳಿಸಿ ಹೇಳುವುದು ಓದು ಬಲ್ಲ ಪ್ರತಿಯೊಬ್ಬರ ಕೆಲಸ.

ತಾಯಂದಿರಲ್ಲಿ ನಮ್ಮದೊಂದು ವಿನಂತಿ. ‘ನನಗ ಲೆಕ್ಕ ಬರೂದಿಲ್ರಿ’ ಎಂದು ಹೇಳಿ ಒಳಗೆ ಹೋಗಬೇಡಿ. ತಿಂಗಳ ಕೊನೆಯ ಐದು ದಿನಗಳನ್ನು ಕೈಯಲ್ಲಿ ಉಳಿದ ಹಣದಲ್ಲಿ ದಾಟಿಸುವ ನಿಮಗೆ ಲೆಕ್ಕ ಬಾರದೆಂದರೆ ಯಾರೂ ನಂಬುವುದಿಲ್ಲ. ಮಗುವಿನ ಪಕ್ಕದಲ್ಲಿ ಕೂತು ‘ಇದೇನು, ನನಗೆ ಹೇಳಿಕೊಡು’ ಎಂದರೆ ಸಾಕು. ಹೇಳಿಕೊಡುವಾಗ ಮಗು ತಾನೇ ಕಲಿಯುತ್ತದೆ.

ಒಟ್ಟಿನಲ್ಲಿ, ಈ ಎರಡು ಪುಸ್ತಕಗಳು ಕೆಟ್ಟವಲ್ಲ. ಗಟ್ಟಿಮುಟ್ಟಾದ ಮಕ್ಕಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದ, ಶ್ರಮಪಟ್ಟು ರೂಪಿಸಿದ ಪುಸ್ತಕಗಳು. ಹಿಂದೆ ಬಿದ್ದ ಮಗುವನ್ನು ನೆನೆದು ಇನ್ನೊಂದಿಷ್ಟು ಪುಟ ಬರೆದಿದ್ದರೆ ಒಳ್ಳೆಯ ಪುಸ್ತಕಗಳಾಗುತ್ತಿದ್ದವು. ಹೊಸ ಪಠ್ಯಕ್ರಮದ ಪುಸ್ತಕಗಳು ತರಗತಿಯಿಂದ ತರಗತಿಗೆ ಬರುತ್ತಿವೆ. ಹತ್ತನೆಯದರ ಸರದಿ ಬಂದಾಗ ಅದನ್ನು ಬರೆಯುವವರು ಸೇನಾಪತಿ ಬಾಪಟ್ ರಸ್ತೆಯ ತಮ್ಮ ಕಚೇರಿಯಿಂದ ಹೊರಬಿದ್ದು, ಇದೇ ಊರಿನ ಯಾವುದಾದರೂ ಕಟ್ಟಡದ ತಗಡಿನ ಶೆಡ್ಡಿನಲ್ಲಿ, ಬಲ್ಬಿನ ಬೆಳಕಿನಲ್ಲಿ, ಹಳೆಯ ಪುಸ್ತಕ ಹಿಡಿದು ಕೂತ ಹುಡುಗಿಯ ಪಕ್ಕದಲ್ಲಿ ಒಂದು ಸಂಜೆ ಕೂತು ಬಂದರೆ ಸಾಕು. ಮಿಕ್ಕದ್ದನ್ನು ಅವಳೇ ಹೇಳುತ್ತಾಳೆ.